ಸಹಾಯ ಬೇಕು: .38 ಸ್ಪೆಷಲ್‌ಗೆ ಯಾವ ಪ್ರೈಮರ್ (ಏಟು ಬಿದ್ದಾಗ ಪುಡಿಗೆ ಕಿಡಿ ಕೊಡುವ ಪುಟ್ಟ ಲೋಹದ ಬಟ್ಟಲು)?

ನಾನಿರುವುದು ಜಯನಗರದಲ್ಲಿ. ರಿವಾಲ್ವರ್ ಟೆಕ್ಸಾಸ್‌ನಲ್ಲಿರುವ ನಮ್ಮ ಭಾವನದು, ತಲೆನೋವು ಮಾತ್ರ ನನಗೆ! ಅವರು .38 ಸ್ಪೆಷಲ್ ಗುಂಡುಗಳನ್ನು ಮನೆಯಲ್ಲೇ ತುಂಬುತ್ತಾರೆ. ಟ್ರಿಗರ್ ಹಗುರ ಆಗಲಿ ಅಂತ ಹ್ಯಾಮರ್ ಸ್ಪ್ರಿಂಗ್ ಬದಲಿಸಿದ ಮೇಲೆ ಡಬಲ್ ಆಕ್ಷನ್‌ನಲ್ಲಿ (ಟ್ರಿಗರ್ ಎಳೆತದಿಂದಲೇ ಹ್ಯಾಮರ್ ಎದ್ದು ಬೀಳುವಾಗ) ಆಗಾಗ ಸುಮ್ನೆ ‘ಟಕ್’ ಅನ್ನುತ್ತದೆ, ಸಿಡಿಯುವುದಿಲ್ಲ. ಸಿಂಗಲ್ ಆಕ್ಷನ್‌ನಲ್ಲಿ (ಹ್ಯಾಮರ್ ಮೊದಲೇ ಕೈಯಿಂದ ಎಳೆದಿಟ್ಟಾಗ) ತೊಂದರೆ ಇಲ್ಲ. ಫೋಟೋ ನೋಡಿದೆ, ಪ್ರೈಮರ್ ಮೇಲೆ ಬಿದ್ದ ಗುಳಿ ಆಳವಾಗಿಯೇ ಇಲ್ಲ.

ಫೆಡರಲ್ ಕಂಪನಿಯ 100 ನಂಬರ್ ಪ್ರೈಮರ್ ಮೆದು, ಬೇಗ ಹತ್ತುತ್ತದೆ ಎನ್ನುತ್ತಾರೆ. ಸ್ಮಾಲ್ ರೈಫಲ್ ಪ್ರೈಮರ್ ವ್ಯಾಸವೂ ಅದೇ 0.175 ಇಂಚು, ಆದರೆ ಕಪ್ ಗಟ್ಟಿ. ಅದು ಬೇಡ ಅಲ್ವಾ? ಜೋರಾಗಿ ಉರಿಯುವ ಮ್ಯಾಗ್ನಂ ಪ್ರೈಮರ್ ಹಾಕಿದರೆ ಒತ್ತಡ ಜಾಸ್ತಿ ಆಗಬಹುದು, ಅದನ್ನೂ ಬಿಟ್ಟೆವು. ಹಳೇ ಸ್ಪ್ರಿಂಗನ್ನೇ ಹಾಕುವುದು ಒಳ್ಳೆಯದು ಅಂತ ನನಗನಿಸುತ್ತದೆ, ಭಾವ ಕೇಳಬೇಕಲ್ಲ! ಪ್ರೈಮರ್ ಪೂರ್ತಿ ಒಳಗೆ ಕೂರದಿದ್ದರೂ ಹೀಗಾಗುತ್ತದೆಯಾ? ಪ್ರೈಮರ್ ಬದಲಿಸಿದರೆ ಪುಡಿಯ ಅಳತೆಯನ್ನು ಮತ್ತೆ ಕೆಳಗಿನಿಂದಲೇ ಶುರು ಮಾಡಬೇಕಾ? ರಿವಾಲ್ವರ್ ಬಲ್ಲವರು ಹೇಳಿ.