ಹತ್ತು ವರ್ಷ ಮನೆಯಲ್ಲಿದ್ದ ಮೇಲೆ ಮತ್ತೆ ಲೆಕ್ಕಪತ್ರದ ಕೆಲಸ ಸಿಗುವುದೇ?

ಪ್ರಶ್ನೆ (ದಾವಣಗೆರೆ)

ನಾನು ಬಿ.ಕಾಂ. ಪದವೀಧರೆ. 2009ರಿಂದ ಆರು ವರ್ಷ ಒಂದು ಸಗಟು ವ್ಯಾಪಾರ ಸಂಸ್ಥೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಮಗಳು ಹುಟ್ಟುವ ಮುನ್ನ, 2015ರಲ್ಲಿ, ಕೆಲಸ ಬಿಟ್ಟೆ. ಆಗ ತಿಂಗಳು ತಿಂಗಳೂ ಮಾರಾಟ ತೆರಿಗೆಯ ವಿವರಣೆಯಾದ ವ್ಯಾಟ್ 100 ನಮೂನೆ ತುಂಬುವುದಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. 2017ರ ಜುಲೈ 1ರಂದು ವ್ಯಾಟ್ ಬದಲು ಜಿಎಸ್‌ಟಿ ಬಂದಾಗ ಮಗ ಎಳೆಗೂಸು. ಪತ್ರಿಕೆ ತೆರೆಯುವಷ್ಟೂ ಬಿಡುವಿರಲಿಲ್ಲ. ಈಗ ಇಬ್ಬರೂ ಶಾಲೆಗೆ ಹೋಗುತ್ತಾರೆ. ಕಳೆದ ತಿಂಗಳು ಒಂದು ಸಂದರ್ಶನದಲ್ಲಿ “ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?” ಎಂದು ಕೇಳಿದರು. “ಮನೆಯಲ್ಲೇ ಇದ್ದೆ” ಎಂದೆ. ಅಲ್ಲಿಗೆ ಮಾತು ಮುಗಿಯಿತು. ಈ ವರ್ಷಗಳನ್ನು ಅರ್ಜಿಯಲ್ಲಿ ಹೇಗೆ ಬರೆಯಬೇಕು, ಕಲಿಕೆಯನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 (ಹುಬ್ಬಳ್ಳಿ)

ಎಂಟು ವರ್ಷಗಳ ನಂತರ ನಾನು ಇದೇ ಕೆಲಸಕ್ಕೆ ಮರಳಿದ್ದೇನೆ. ಅರ್ಜಿಯಲ್ಲಿ “2015ರಿಂದ ಮಕ್ಕಳ ಪಾಲನೆ” ಎಂದು ಒಂದೇ ಸಾಲು ಬರೆದು ಮುಂದೆ ಹೋಗಿ. ಅದನ್ನು ಮುಚ್ಚಿಡುವುದೂ ಬೇಡ, ಸಮರ್ಥಿಸಿಕೊಳ್ಳುವುದೂ ಬೇಡ. ಕಲಿಕೆಯ ಮಾತಿಗೆ ಬಂದರೆ, ನಾನು ತರಗತಿಗೆ ಸೇರುವ ಬದಲು ಅಣ್ಣನ ಹಾರ್ಡ್‌ವೇರ್ ಅಂಗಡಿಯ ಬಿಲ್ಲುಗಳನ್ನು ಹಿಡಿದು ಕೂತೆ. ತಿಂಗಳ 14ರಂದು, ಸರಬರಾಜುದಾರರು ಸಲ್ಲಿಸಿದ ವಿವರಗಳಿಂದ ತಯಾರಾಗುವ ಅಂಗಡಿಯ ಖರೀದಿ ಪಟ್ಟಿ ಜಿಎಸ್‌ಟಿಆರ್-2ಬಿ ಸಿದ್ಧವಾಗುತ್ತದೆ. ಅದರ ಪ್ರತಿ ಸಾಲನ್ನೂ ಖರೀದಿ ಬಿಲ್ಲಿನ ಜೊತೆ ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋದೆ. ಪೈಪಿನ ಒಂದು ಬಿಲ್ಲು ಎಲ್ಲಿಯೂ ಸಿಗಲಿಲ್ಲ. ಎರಡು ದಿನ ಹುಡುಕಿದ ಮೇಲೆ, ಸರಬರಾಜುದಾರರು ನಮ್ಮ ಹದಿನೈದು ಅಕ್ಷರಗಳ ಜಿಎಸ್‌ಟಿ ಸಂಖ್ಯೆಯಲ್ಲಿ ಒಂದು ಅಂಕಿಯನ್ನು ತಪ್ಪಾಗಿ ಒತ್ತಿದ್ದರೆಂದು ತಿಳಿಯಿತು. ಅವರು ತಮ್ಮ ಮಾರಾಟದ ವಿವರಣೆಯಾದ ಜಿಎಸ್‌ಟಿಆರ್-1ರಲ್ಲಿ ಅದನ್ನು ತಿದ್ದಿದ ಮೇಲಷ್ಟೇ ಅಣ್ಣನಿಗೆ ಹೂಡುವಳಿ ತೆರಿಗೆಯ ಜಮೆ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳುವ ಅವಕಾಶ) ದೊರಕಿತು. ಸಂದರ್ಶನದಲ್ಲಿ ನಾನು ವಿವರಿಸಿದ್ದು ಈ ಒಂದು ಬಿಲ್ಲಿನ ಕಥೆಯನ್ನೇ. ಆಮೇಲೆ ಮಕ್ಕಳ ವಿಷಯವನ್ನು ಅವರು ಕೇಳಲಿಲ್ಲ.

ಉತ್ತರ 2 (ಮೈಸೂರು)

ನಾನು ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಜನರನ್ನು ನೇಮಿಸಿಕೊಳ್ಳುವ ಹೊಣೆ ಹೊತ್ತಿದ್ದೇನೆ. ಹಿಂದಿನ ಉತ್ತರವನ್ನು ಒಪ್ಪುತ್ತಲೇ ಒಂದು ಮಾತು ಸೇರಿಸುತ್ತೇನೆ: ಕಾಯಂ ಹುದ್ದೆಯನ್ನೇ ಮೊದಲು ಹುಡುಕಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆದಾಯ ತೆರಿಗೆ ವಿವರಣೆಗಳು ಮತ್ತು ಲೆಕ್ಕಪರಿಶೋಧನಾ ವರದಿಗಳ ಒತ್ತಡದಲ್ಲಿ ನಮ್ಮಂಥ ಕಚೇರಿಗಳಿಗೆ ಕೈಗಳು ಸಾಲದೆ ಬರುತ್ತವೆ, ಆಗ ಅರ್ಧ ದಿನದ ಕೆಲಸಕ್ಕೂ ಜನರನ್ನು ತೆಗೆದುಕೊಳ್ಳುತ್ತೇವೆ. ನಿಮಗೆ ನೆನಪಿರುವ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಇಆರ್‌ಪಿ 9ರ ಜಾಗದಲ್ಲಿ ಈಗ ಟ್ಯಾಲಿಪ್ರೈಮ್ ಇದೆ. ಪರದೆ ಬದಲಾಗಿದ್ದರೂ ಜಮಾ-ಖರ್ಚಿನ ತತ್ವ ಬದಲಾಗಿಲ್ಲ, ಆರು ವರ್ಷ ಮಾಡಿದ ಕೈಗೆ ಒಂದು ವಾರದಲ್ಲಿ ಪಳಗುತ್ತದೆ. ಆದರೆ ಮಗುವಿಗೆ ಜ್ವರ ಬಂದ ದಿನ ಮನೆಯಲ್ಲಿ ಯಾರು ಇರುತ್ತಾರೆ ಎಂಬುದನ್ನು ಕೆಲಸಕ್ಕೆ ಸೇರುವ ಮೊದಲೇ ಪತಿಯೊಂದಿಗೆ ಕೂತು ಮಾತಾಡಿ ನಿಶ್ಚಯಿಸಿಕೊಳ್ಳಿ. ಒಳ್ಳೆಯ ಕೆಲಸಗಾರ್ತಿಯರು ಎರಡನೇ ತಿಂಗಳಿಗೇ ಬಿಟ್ಟು ಹೋಗಿದ್ದನ್ನು ನೋಡಿದ್ದೇನೆ. ಕೆಲಸ ಬಾರದೆ ಅಲ್ಲ, ಈ ಮಾತು ಮನೆಯಲ್ಲಿ ಮೊದಲೇ ಆಗಿರಲಿಲ್ಲ.

ಉತ್ತರ 3 (ತುಮಕೂರು)

ಹಳೆಯ ಭವಿಷ್ಯ ನಿಧಿಯನ್ನು ಹಿಂಪಡೆಯದೆ ಬಿಟ್ಟಿದ್ದರೆ ಹೊಸ ಕಡೆ ಅದೇ ಯುಎಎನ್ (ಭವಿಷ್ಯ ನಿಧಿ ಸದಸ್ಯರ ಕಾಯಂ ಸಂಖ್ಯೆ) ಕೊಡಿ, ಹೊಸದು ಮಾಡಿಸಬೇಡಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ನಿಮ್ಮ ಆರು ವರ್ಷ ಅದರಲ್ಲಿ ಸೇರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಭವಿಷ್ಯ ನಿಧಿಯನ್ನು ಮುಟ್ಟಿಲ್ಲ. ಮೈದುನನ ಔಷಧಿ ಅಂಗಡಿಯ ಬಿಲ್ಲುಗಳನ್ನು ಈ ಭಾನುವಾರ ಮನೆಗೆ ತರಿಸಿಕೊಳ್ಳುತ್ತಿದ್ದೇನೆ.