ಪದಚರ್ಚೆ: ಕೋಣೆಯೊಳಗೇ ಉಳಿದ ತಪಸ್ವಿನಿಗೆ ಕನ್ನಡದಲ್ಲಿ ಎಂತ ಹೇಳುದು?

ಎಲ್ಲರಿಗೂ ನಮಸ್ಕಾರ. ಒಂದು ಪದ ಸಿಗದೆ ಮೂರು ದಿನದಿಂದ ಒದ್ದಾಡ್ತಾ ಇದ್ದೇನೆ. ನಮ್ಮ ಇಗರ್ಜಿಯ (ಚರ್ಚಿನ) ಕನ್ನಡ ಪತ್ರಿಕೆಗೆ ನಾರ್ವಿಚ್‌ನ ಜೂಲಿಯನ್ ಬಗ್ಗೆ ಬರೀತಾ ಇದ್ದೇನೆ, 14ನೇ ಶತಮಾನದ ಇಂಗ್ಲೆಂಡಿನವರು, 1373ರಲ್ಲಿ ಸಾಯುವಷ್ಟು ಸೀಕಾಗಿ ಮಲಗಿದ್ದಾಗ ದರ್ಶನ ಆದದ್ದು, ಇಗರ್ಜಿಯ ಗೋಡೆಗೆ ತಾಗಿ ಕಟ್ಟಿದ ಕೋಣೆಯಲ್ಲಿ ಬಾಳಿದವರು. ಒಮ್ಮೆ ಒಳಗೆ ಹೋದ್ರೆ ಮತ್ತೆ ಹೊರಗೆ ಬರ್ಲಿಕ್ಕಿಲ್ಲ. ಇಂಥವರಿಗೆ ಇಂಗ್ಲಿಷಲ್ಲಿ ಆಂಕರೆಸ್ ಅಂತಾರೆ, ಗಂಡಸಾದ್ರೆ ಆಂಕರೈಟ್. ಹಡಗಿನ ಲಂಗರಿಗೆ ಹೇಳುವ ಆಂಕರ್‌ಗೂ ಇದಕ್ಕೂ ಸಂಬಂಧ ಇಲ್ಲ, ಗ್ರೀಕಿನ 'ಹಿಂದೆ ಸರಿ' ಅನ್ನುವ ಕ್ರಿಯಾಪದದಿಂದ ಬಂದದ್ದು.

ಮೊದಲು ಸನ್ಯಾಸಿನಿ ಅಂತಲೇ ಬರ್ದಿದ್ದೆ. ಉಡುಪಿಯಲ್ಲಿ ನಮ್ಮ ನೆರೆಮನೆಯ ಭಟ್ರಿಗೆ ಓದ್ಲಿಕ್ಕೆ ಕೊಟ್ಟಾಗ ಅವ್ರು, "ಸನ್ಯಾಸ ಅಂದ್ರೆ ಸಂಚಾರ ಅಲ್ವಾ, ಇವರು ಹೊಸ್ತಿಲೇ ದಾಟುದಿಲ್ಲವಲ್ಲ ಮಾರಾಯ್ರೆ" ಅಂದ್ರು. ಸರಿಯೇ, ಸನ್ಯಾಸಿಗೆ ಹೇಳುವ ಪರಿವ್ರಾಜಕ ಅನ್ನುವ ಪದದಲ್ಲೇ ತಿರುಗಾಟ ಉಂಟು. ನಮ್ಮಲ್ಲಿ ಸ್ವಾಮಿಗಳು ಚಾತುರ್ಮಾಸ್ಯಕ್ಕೆ ಒಂದು ಕಡೆ ಕೂರ್ತಾರೆ, ಉಳಿದಂತೆ ಮೊಕ್ಕಾಂ ಎಲ್ಲಿ ಅಂತ ಕೇಳಿ ತಿಳ್ಕೊಳ್ಳುದು. ಕೃಷ್ಣಮಠದ ಪೂಜೆಯ ಸರದಿ ಬರುವ ಪರ್ಯಾಯದ 2 ವರ್ಷ ಉಡುಪಿ ಬಿಡ್ಲಿಕ್ಕಿಲ್ಲ ನಿಜ, ಆದ್ರೆ ಆಗ ಊರಿಗೆ ಊರೇ ಎದುರಲ್ಲಿರ್ತದೆ.

ಆದ್ರೂ ಆ ಪದ ಬಿಡ್ಲಿಕ್ಕೆ ನನಗೆ ಮನಸ್ಸಿಲ್ಲ, ಯಾಕಂದ್ರೆ ಸನ್ಯಾಸ ತೆಕ್ಕೊಳ್ಳುವಾಗ ತನ್ನ ಶ್ರಾದ್ಧ ತಾನೇ ಮಾಡ್ಬೇಕು, ಹಳೇ ಹೆಸರು ಹೋಗ್ತದೆ, ಮುಂದೆ ದೇಹ ಬಿಟ್ಟಾಗ ಸುಡುದೂ ಇಲ್ಲ, ವೃಂದಾವನವೇ. ಅಲ್ಲಿ ಆ ಕೋಣೆಗೆ ಹೋಗುವವರಿಗೂ ಸತ್ತವರಿಗಾಗಿ ಹೇಳುವ ಪ್ರಾರ್ಥನೆಗಳನ್ನೇ ಹೇಳಿ ಬಾಗಿಲು ಮುಚ್ತಾ ಇದ್ದದ್ದು. ಎರಡೂ ಕಡೆ ಜೀವ ಇರುವಾಗಲೇ ಲೋಕದ ಲೆಕ್ಕದಿಂದ ಹೋದ ಹಾಗೆ. ಇಲ್ಲಿಯವರು ಆಮೇಲೆ ದಾರಿಗೆ ಇಳೀತಾರೆ, ಅಲ್ಲಿಯವರು ಗೋಡೆ ಒಳಗೆ ಹೋಗ್ತಾರೆ, ನನಗೆ ಬೇಕಾದ್ದು ಆ ಗೋಡೆ ಕಾಣುವ ಪದ.

ಏಕಾಂತವಾಸಿನಿ ಅಂತ ಒಬ್ರು ಹೇಳಿದ್ರು. ಏಕಾಂತ ಅಂದ ಕೂಡಲೇ ಒಂದೋ ಕೃಷ್ಣಮಠದ ರಾತ್ರಿಯ ಏಕಾಂತ ಸೇವೆ, ಇಲ್ಲ ಗಂಡಹೆಂಡತಿಯ ಏಕಾಂತ ನೆನಪಾಗ್ತದೆ. ಮತ್ತೆ ಜೂಲಿಯನ್ ಪೂರ್ತಿ ಒಂಟಿಯೂ ಅಲ್ಲ. ಅಂಥ ಕೋಣೆಗಳಿಗೆ ಸಾಮಾನ್ಯವಾಗಿ ಬಲಿಪೂಜೆ (ಇಂಗ್ಲಿಷಲ್ಲಿ ಮಾಸ್) ನೋಡ್ಲಿಕ್ಕೆ ಇಗರ್ಜಿ ಕಡೆ ಒಂದು ಕಿಟಕಿ, ಊಟ ಕೊಡ್ಲಿಕ್ಕೆ ಕೆಲಸದವಳ ಕಡೆ ಒಂದು, ಸಲಹೆ ಕೇಳ್ಲಿಕ್ಕೆ ಬಂದವರಿಗೆ ಪರದೆ ಹಾಕಿದ ಇನ್ನೊಂದು. 1413ರ ಸುಮಾರಿಗೆ ಮಾರ್ಜರಿ ಕೆಂಪ್ ಅನ್ನುವವರು ಹೀಗೇ ಬಂದು ಮಾತಾಡಿ ಹೋಗಿದ್ದಾರೆ. ಒಂಟಿ ಅಂದ್ರೆ 'ಪಾಪ' ಅನ್ನುವ ಭಾವ ಬರ್ತದೆ, ಅದು ಬೇಡವೇ ಬೇಡ. ಗೋಷಾ ಬೇರೆಯೇ ವಿಷಯ. ಆಶ್ರಮವಾಸಿ ಅಂತ ಮಂಗಳೂರಲ್ಲಿ ಹೇಳಿದ್ರೆ ಜೆಪ್ಪು ಆಶ್ರಮದ ವಯಸ್ಸಾದವರು ಅಂತ ತಿಳ್ಕೊಳ್ತಾರೆ. ವಾನಪ್ರಸ್ಥಕ್ಕೆ ಹೆಂಡತಿಯನ್ನೂ ಕರ್ಕೊಂಡು ಹೋಗ್ಬಹುದು. ಕುಟೀಚಕ ಹತ್ತಿರ ಬರ್ತದೆ, ಗುಡಿಸಲಲ್ಲೇ ಇರುವ ಸನ್ಯಾಸಿ, ಆದ್ರೆ ಅವ ಮಗನ ಮನೆ ಊಟ ಮಾಡಿಕೊಂಡು ಮನೆಯವರ ಹತ್ತಿರವೇ ಇರುವವ.

ಹರ್ಮಿಟ್ ಪದಕ್ಕೆ ಇಷ್ಟು ಕಷ್ಟ ಇಲ್ಲ. ಅದರ ಮೂಲದಲ್ಲಿ ಮರುಭೂಮಿ ಉಂಟು, ಈಜಿಪ್ಟಿನ ಸಂತ ಅಂತೋನಿ (356ರಲ್ಲಿ ತೀರಿಕೊಂಡವರು, ಪದುವಾದ ಅಂತೋನಿ ಅಲ್ಲ) ಇದ್ದದ್ದು ಅಂಥಲ್ಲಿ. ಅವರಿಗೆ ಗವಿವಾಸಿ, ಗುಡ್ಡವಾಸಿ ಎಂತದಾದ್ರೂ ಹೊಂದ್ತದೆ. ಕೊಪ್ಪಳದ ಗವಿಸಿದ್ಧೇಶ್ವರ ಅನ್ನುವ ಹೆಸರಲ್ಲೇ ಗವಿ ಇಲ್ವಾ, ಇದ್ದ ಜಾಗವನ್ನೇ ಹೆಸರಿಗೆ ಸೇರಿಸುವ ಕ್ರಮ ನಮ್ಮಲ್ಲೂ ಉಂಟಲ್ಲ. ಅದನ್ನೇ ಹಿಡಿದು ಸದ್ಯಕ್ಕೆ 'ಕೋಣೆತಪಸ್ವಿನಿ' ಅಂತ ಮಾಡ್ಕೊಂಡಿದ್ದೇನೆ. ಕೋಣೆ ದೇಶ್ಯ, ತಪಸ್ವಿನಿ ಸಂಸ್ಕೃತ, ಅರಿಸಮಾಸ ಅಂತ ಬಯ್ಬೇಡಿ, ಅರ್ಥ ಮಾತ್ರ ಇದರಲ್ಲೇ ಸರಿಯಾಗಿ ಕೂರ್ತದೆ ಅಂತ ನನಗೆ ಕಾಣ್ತದೆ.

ನಿಮ್ಮ ಕಡೆ, ಕುಂದಾಪ್ರ ಕನ್ನಡದಲ್ಲೋ ತುಳುವಲ್ಲೋ, ಬಾಗಿಲು ಹಾಕಿಕೊಂಡು ವ್ರತ ಹಿಡಿದು ಕೂತವರಿಗೆ ಹಳಬರು ಹೇಳ್ತಿದ್ದ ಪದ ಇದ್ರೆ ತಿಳಿಸಿ. ಮೂಡುಬಿದಿರೆ ಕಡೆಯ ಜೈನರ ಮಾತಲ್ಲಿ ಇದ್ರೂ ಆಗ್ತದೆ. ಆದಿತ್ಯವಾರ ಲೇಖನ ಕೊಡ್ಬೇಕು.