ಸಿಗಡಿ ಸಿಪ್ಪೆಯ ಪುಡಿಗೆ ಗಿಡದ ಕೋಶ ಬೆಚ್ಚುವುದೇಕೆ?

ಪ್ರಶ್ನೆ (ಶಿರಸಿ ಕಡೆಯ ತೋಟಿಗರಿಂದ): ಮೇಡಂ, ನಮಸ್ಕಾರ. ಮಗ ಕಾರವಾರದಲ್ಲಿ ಬಿಎಸ್ಸಿ ಓದುತ್ತಿದ್ದಾನೆ. ಗಿಡದ ಕೋಶಗಳನ್ನು ಬಾಟಲಿಯಲ್ಲಿ ಬೆಳೆಸಿ, ಸಿಗಡಿ ಸಿಪ್ಪೆಯ ಪುಡಿ ಹಾಕಿದರೆ ಔಷಧ ಬರುತ್ತದಂತೆ. ನಮಗೆ ಗೊತ್ತಿರುವುದು ಟಿಶ್ಯೂ ಕಲ್ಚರ್ ಬಾಳೆ ಮಾತ್ರ. ಸುಮ್ನೆ ಹೇಳ್ತಿದ್ದಾನಾ?

ಉತ್ತರ: ಇಲ್ಲ ಅಣ್ಣ, ಸರಿಯಾಗೇ ಹೇಳಿದ್ದಾನೆ. ಬಾಳೆಯಲ್ಲಿ ನಮಗೆ ಸಸಿ ಬೇಕು. ಇಲ್ಲಿ ಬಿಡಿ ಕೋಶಗಳೇ ಸಾಕು. ಸಕ್ಕರೆ, ಲವಣ, ಹಾರ್ಮೋನು ಬೆರೆಸಿದ ನೀರಿನಲ್ಲಿ, ಶೇಕರ್ ಎಂಬ ಅಲುಗಾಡಿಸುವ ಯಂತ್ರದ ಮೇಲೆ ಹಗಲೂ ರಾತ್ರಿ ತಿರುಗುತ್ತಿರುತ್ತವೆ. ನೋಡಲಿಕ್ಕೆ ಒಡೆದ ಮಜ್ಜಿಗೆ ಥರ. ಹೊಟ್ಟೆ ತುಂಬಿದೆ, ಹುಳವಿಲ್ಲ, ರೋಗವಿಲ್ಲ. ಹಾಗಾಗಿ ಶತ್ರುಗಳನ್ನು ತಡೆಯುವ ಕಹಿ, ವಿಷ (ನಮಗೆ ಔಷಧವಾಗುವುದು ಇಂಥವೇ) ತಯಾರಿಸುವ ಗೋಜಿಗೆ ಹೆಚ್ಚಾಗಿ ಹೋಗುವುದಿಲ್ಲ.

ಸಿಗಡಿ ಸಿಪ್ಪೆಯಲ್ಲಿ ಕೈಟಿನ್ ಇದೆ. ಬೂಷ್ಟಿನ, ಅಂದರೆ ಶಿಲೀಂಧ್ರದ, ಕೋಶದ ಗೋಡೆಯಲ್ಲೂ ಅದೇ ಇರುವುದು. ಕೈಟಿನ್‌ನಿಂದ ಮಾಡಿದ ಕೈಟೊಸಾನ್ ತಾಗಿದರೆ ಕೋಶ ಮೋಸ ಹೋಗುತ್ತದೆ, ಶಿಲೀಂಧ್ರ ಬಂತು ಅಂದುಕೊಳ್ಳುತ್ತದೆ. ಕೆಲವೇ ನಿಮಿಷದಲ್ಲಿ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಆಮೇಲೆ ಜಾಸ್ಮೊನೇಟ್ ಎಂಬ ಸಂದೇಶ ಹರಡಿ, ಮಲಗಿದ್ದ ಜೀನ್‌ಗಳು ಏಳುತ್ತವೆ. ಔಷಧದ ಅಂಶ ಕೂಡಿಕೊಳ್ಳಲು ದಿನಗಳೇ ಬೇಕು. ಅಂದಹಾಗೆ ಜಾಸ್ಮೊನೇಟ್‌ಗೆ ಆ ಹೆಸರು ಬಂದಿದ್ದು ಮಲ್ಲಿಗೆಯಿಂದ. ಮೀಥೈಲ್ ಜಾಸ್ಮೊನೇಟ್ ಜಾಜಿಯ ಪರಿಮಳದಲ್ಲೇ ಇದೆ. ಅದನ್ನೇ ಹಾಕಿ ಯೂ ಮರದ ಕೋಶಗಳಲ್ಲಿ ಕ್ಯಾನ್ಸರ್ ಔಷಧ ಟ್ಯಾಕ್ಸಾಲ್ ಹೆಚ್ಚಿಸಬಹುದೆಂದು 1996ರಲ್ಲಿ ಜಪಾನಿನವರು ತೋರಿಸಿದರು.

ಹೊತ್ತು ಮಾತ್ರ ನೋಡಿಕೊಳ್ಳಬೇಕು. ಮೊದಲೇ ಬೆದರಿಸಿದರೆ ಬೆಳವಣಿಗೆ ನಿಲ್ಲುತ್ತದೆ. ಅದಕ್ಕೇ ಮೊದಲು ಚೆನ್ನಾಗಿ ಬೆಳೆಸಿ, ಆಮೇಲೆ ಪುಡಿ ಹಾಕುತ್ತೇವೆ. ನಾನು ಒಮ್ಮೆ ಅವಸರದಲ್ಲಿ ಜಾಸ್ತಿ ಸುರಿದೆ. ಬೆಳಿಗ್ಗೆ ನೋಡಿದರೆ ಕೆನೆ ಬಣ್ಣದ ಫ್ಲಾಸ್ಕುಗಳೆಲ್ಲ ಹಾಲಿಲ್ಲದ ಕಣ್ಣ ಚಹಾ ಆಗಿದ್ದವು. ಎರಡು ವಾರದ ಕೆಲಸ ಸಿಂಕಿಗೆ ಹೋಯಿತು.

ಮರುಪ್ರಶ್ನೆ: ಹಾಗಾದ್ರೆ ಅಡಿಕೆ ಕೊಳೆಗೂ ಇದನ್ನೇ ಹೊಡೆಯಬಹುದಲ್ವಾ?

ಉತ್ತರ: ಕೇಳ್ತೀರಿ ಅಂತ ಗೊತ್ತಿತ್ತು! ಕೊಳೆ ತರುವ ಫೈಟೊಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಪಾಚಿಯ ದೂರದ ನೆಂಟ. ಅದರ ಗೋಡೆಯಲ್ಲಿರುವುದು ಮುಖ್ಯವಾಗಿ ಕೈಟಿನ್ ಅಲ್ಲ, ಸೆಲ್ಯುಲೋಸ್ ಮತ್ತು ಗ್ಲೂಕನ್. ಆದರೂ ಕೈಟೊಸಾನ್ ಗಿಡವನ್ನು ಒಂದಿಷ್ಟು ಎಚ್ಚರಿಸಬಹುದು. ಆದರೆ ಬಾಟಲಿಯಲ್ಲಿ ಪ್ರತಿ ಕೋಶಕ್ಕೂ ತಾಗುವ ಪುಡಿ, ನಮ್ಮ ಆಷಾಢದ ಮಳೆಯಲ್ಲಿ ಅಡಿಕೆ ಕೊನೆಯ ಮೇಲೆ ಎಷ್ಟು ಹೊತ್ತು ನಿಂತೀತು? ಈ ವರ್ಷವೂ ಮಳೆ ಹಿಡಿಯುವ ಮೊದಲು ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಿರಿ. ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವವರಿದ್ದರೆ ಕಟ್ಟಿಸಿ.